ಈರಣ್ಣನನ್ನು ಪುಸಲಾಯಿಸಲು ಹೋದದ್ದು

ಪುಸಲಾಯಿಸು ಎಂದರೆ ಸವಿಮಾತಾಡಿ, ಹೊಗಳಿ, ಎದುರಿನವರನ್ನು ನಮ್ಮ ದಾರಿಗೆ ತರುವುದು. ಮಮದಾಪುರದ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಈ ಅರ್ಥ ಹೇಳುತ್ತ ಬಂದಿದ್ದೇನೆ. ಅರ್ಥ ಗೊತ್ತಿದ್ದವನಿಗೆ ಕೆಲಸವೂ ಗೊತ್ತಿರುತ್ತದೆ ಎಂದೇ ನಂಬಿದ್ದೆ!

ಮಗಳ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಮೊದಲ ಲಗ್ನಪತ್ರಿಕೆಗೆ ಅರಿಷಿಣ-ಕುಂಕುಮ ಹಚ್ಚಿ, ಸೋದರಮಾವನ ಮನೆಗೇ ಹೋಗಿ, ಅಕ್ಷತೆ ಕೊಟ್ಟು ಕರೆಯಬೇಕು. ನಾನು ಎಲ್ಲರ ಜೊತೆಗೆ ಅವನಿಗೂ ಮೊಬೈಲಿನಲ್ಲಿ ಕಳಿಸಿಬಿಟ್ಟೆ. ಯಮಕನಮರಡಿಯ ಈರಣ್ಣ, ನನ್ನ ಹೆಂಡತಿಯ ಒಬ್ಬನೇ ತಮ್ಮ, ಅಂದಿನಿಂದ ನಮ್ಮ ಫೋನ್ ಎತ್ತುವುದನ್ನೇ ಬಿಟ್ಟ. ಮದುಮಗಳ ಕೈಹಿಡಿದು ಹಂದರಕ್ಕೆ ಕರೆತರಬೇಕಾದವನು ಅವನೇ. ಸೋದರಮಾವ ಬಾರದೆ ತಾನು ಹಂದರಕ್ಕೆ ಕಾಲಿಡುವುದಿಲ್ಲ ಎಂದು ಮಗಳು ಅಳುತ್ತ ಕೂತಳು.

"ತಪ್ಪಾತು ಅನ್ರಿ, ಸಾಕು" ಎಂದು ಹೆಂಡತಿ ಅಕ್ಷತೆಯ ಪುಡಿಕೆ ಕೈಗಿಟ್ಟಳು. ತಪ್ಪು ಒಪ್ಪಿಕೊಳ್ಳುವುದು ಮಾಸ್ತರರ ಜಾಯಮಾನವಲ್ಲ. ಪುಸಲಾಯಿಸುವುದೇ ಸರಿ ಎಂದುಕೊಂಡು, ಸಿಕ್ಕ ಜುಬ್ಬಾ ತೊಟ್ಟು ಬಸ್ಸು ಹತ್ತಿದೆ.

ಈರಣ್ಣ ಕಟ್ಟೆಯ ಮೇಲೆ ಕೂತಿದ್ದ. ಮೊದಲು ಅವನು ಕೊಟ್ಟ ಚಹಾ ಹೊಗಳಿದೆ; ಅವನ ಹೆಂಡತಿಯ ಕೈರುಚಿಯೇ ಬೇರೆ ಎಂದೆ. ಅವಳು ತವರಿಗೆ ಹೋಗಿದ್ದಳು, ಚಹಾ ಹೋಟೆಲಿನದು. ಎದುರಿಗೆ ಕಟ್ಟಿದ್ದ ಎತ್ತುಗಳನ್ನು ಹೊಗಳಿದೆ. ಅವು ಬಾಜೂ ಮನೆಯವು, ಅವರಿಗೂ ಇವನಿಗೂ ಮಾತೇ ಇಲ್ಲ. ಮುಖ ನೋಡುವ ಧೈರ್ಯ ಸಾಲದೆ ತಲೆ ತಗ್ಗಿಸಿಕೊಂಡೇ, ನಿನ್ನ ಮೀಸೆಯ ಗತ್ತು ಯಾರಿಗೂ ಬರುವುದಿಲ್ಲ ಎಂದೆ. ಅಂದು ಬೆಳಿಗ್ಗೆಯಷ್ಟೇ ಬೋಳಿಸಿದ್ದ!

ಈರಣ್ಣ ತುಟಿಯ ಮೇಲೆ ಕೈಯಾಡಿಸಿ ಮೆಲ್ಲಗೆ ಕೇಳಿದ: "ಮಾಮಾ, ನನ್ನ ಹೊಗಳಾಕ ಬಂದೀರೋ, ಕರಿಯಾಕ ಬಂದೀರೋ?"

ಅಕ್ಷತೆ ಇನ್ನೂ ಚೀಲದಲ್ಲೇ ಇತ್ತು. ಅಷ್ಟು ಹೊತ್ತು ಮಾತಾಡಿ, 'ಬಾ' ಎಂಬ ಒಂದಕ್ಷರವನ್ನು ನಾನು ಅಂದೇ ಇರಲಿಲ್ಲ. ಅವನು ಕಾದಿದ್ದುದು ಅದೊಂದಕ್ಕೇ. ನನಗೆ ನಿಜಕ್ಕೂ ನಾಚಿಕೆಯಾಯಿತು.

"ತಪ್ಪಾತು ಈರಣ್ಣ, ಬಾ" ಎಂದು ಅಕ್ಷತೆ ಕೈಗಿಡುವಷ್ಟರಲ್ಲಿ ಕಣ್ಣೀರು ಬಂತು. ಅವನು ಅಕ್ಷತೆಯನ್ನು ಕಣ್ಣಿಗೊತ್ತಿಕೊಂಡು, ಬಂದೇ ಬರುತ್ತೇನೆ ಎಂದ. ನನ್ನ ಅಳು ಮಾತ್ರ ನಿಲ್ಲಲೊಲ್ಲದು. ಅವನೇ ಹೆಗಲ ಮೇಲೆ ಕೈಹಾಕಿ ಬಸ್ಸಿನವರೆಗೆ ಬಂದ. ಈ ಜುಬ್ಬಾ ನನಗೆ ಭಾರಿ ಒಪ್ಪುತ್ತದಂತೆ, ಹತ್ತು ವರ್ಷ ಸಣ್ಣವನಂತೆ ಕಾಣುತ್ತೇನಂತೆ. ಕಣ್ಣೊರೆಸಿಕೊಂಡು, ಎದೆಯುಬ್ಬಿಸಿ ಬಸ್ಸು ಹತ್ತಿದೆ.

ಮನೆಗೆ ಬಂದು ಹೆಂಡತಿಗೆ ಮೊದಲು ಹೇಳಿದ್ದು ಜುಬ್ಬಾದ ಸುದ್ದಿಯನ್ನೇ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಉಲ್ಟಾ ಹಾಕ್ಕೊಂಡ ಹೋಗಿದ್ರೇನ್ರಿ?"