ಡಬ್ಬಿ ಇಟ್ಟವರಿಗೆ ಪಾಳಿ

ಮೊಬೈಲಿನ್ಯಾಗಿನ ಮಂದಿಗೂ ನನ್ನ ಹಿಟ್ಟಿನ ಗಿರಣಿಗೂ ಯಾವ ಜನ್ಮದ ಋಣಾನೋ, ಒಂದಿಲ್ಲೊಂದು ಫಜೀತಿ ತಪ್ಪಂಗಿಲ್ಲ. ಚಿಕ್ಕೇರೂರಾಗ ಗಿರಣಿ ನಡಸಾಕಿ ನಾನು. ನಂದು ಒಂದ ಕಾಯ್ದೆ: ಜ್ವಾಳದ ಡಬ್ಬಿ ತಂದು ಸಾಲಿನ್ಯಾಗ ಇಟ್ರ ಪಾಳಿ. ಗೌಡ್ರಿರಲಿ, ಮಾಸ್ತರಿರಲಿ, ಡಬ್ಬಿ ಇಲ್ಲಂದ್ರ ಪಾಳಿ ಇಲ್ಲ.

೧. ಅರ್ಜೆಂಟ್ ಸಾಹೇಬ

ಗಿರಣಿ ಗುಡುಗುಡು ಅನ್ನೋ ಹೊತ್ತಿಗೆ ಫೋನ್ ಬಂತು. "ಬ್ಯಾಂಕಿನಿಂದ ಮಾತಾಡ್ತಿದ್ದೇನೆ. ನಿಮ್ಮ ಖಾತೆ ಈಗಲೇ ಬಂದ್ ಆಗುತ್ತೆ. ಮೊಬೈಲಿಗೆ ಬಂದ ನಂಬರ್ ಹೇಳಿ."

"ಡಬ್ಬಿ ಇಟ್ಟೀರೇನ್ರಿ?"

"ಯಾವ ಡಬ್ಬಿ? ಮೇಡಂ, ಅರ್ಜೆಂಟ್ ಇದೆ!"

"ಇಲ್ಲಿ ಎಲ್ಲಾರಿಗೂ ಅರ್ಜೆಂಟ್ ಐತ್ರಿ. ಮೊದಲ ಡಬ್ಬಿ ಇಡ್ರಿ, ಪಾಳಿ ಬಂದಾಗ ನೋಡೂಣು."

ಬಾಯಿಗೆ ಬಂದಂಗ ಬೈದು ಫೋನ್ ಇಟ್ಟ. ಸಾಲಿನ ಮುಂದ ಕುಂತಿದ್ದ ನಮ್ಮ ಓಣಿ ಮುದುಕಿ ಆಯಿ, "ಯಾರವಾ?" ಅಂದ್ಲು.

"ಬ್ಯಾಂಕಿನ ಸಾಹೇಬಂತ."

"ಪಾಳಿ ತಪ್ಪಿಸಿ ನುಗ್ಗಾಂವ ಸಾಹೇಬ ಅಲ್ಲ ತಗೋ, ಕಳ್ಳ!"

೨. ಐದು ಚಿಕ್ಕಿ

ಗಿರಣಿ ಬೆಲ್ಟ್ ಹರೀತು. ಹಿರೇಕೆರೂರು, ಹಾನಗಲ್ ಎರಡೂ ಕಡೆ ಆ ಅಳತಿದು ಸಿಗಲಿಲ್ಲ. ಮೊಬೈಲಿನ್ಯಾಗ ನೋಡಿದ್ರ ಮಂದಿ ಐದು ಚಿಕ್ಕಿ, ಅಂದ್ರ ಐದು ಸ್ಟಾರ್, ಕೊಟ್ಟ ಬೆಲ್ಟ್! ರೊಕ್ಕ ಮೊದಲ ಕೊಟ್ಟು ತರಿಸಿದೆ. ಬಾಕ್ಸ್ ಬಿಚ್ಚಿದ್ರ ಹೊಲಿಗಿ ಮಷಿನ್ನಿಗೆ ಹಾಕೋ ಸಣ್ಣ ಬೆಲ್ಟ್. ಗಿರಣಿ ಬಂದ್, ಓಣ್ಯಾಗ ರೊಟ್ಟಿ ಬಂದ್.

ಆಯಿ ಬೆಲ್ಟ್ ಎತ್ತಿ ಹಿಡಿದು ನೋಡಿದ್ಲು. "ಸಂತ್ಯಾಗ ಬದನಿಕಾಯಿ ಸೈತ ತಿರುವಿ ನೋಡಿ ತಗೋತೀವಿ. ನೀ ಚಿಕ್ಕಿ ಎಣಿಸಿ ತಗೊಂಡಿ. ಬೀಸು ಈಗ, ಚಿಕ್ಕಿನ ಬೀಸು!"

೩. ಭಾಳ ಮುಖ್ಯದ ಕರೆ

ಬೆಲ್ಟ್ ಕಳಿಸಿದ ಕಂಪನಿಗೆ ಫೋನ್ ಹಚ್ಚಿದೆ. "ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಬಹಳ ಮುಖ್ಯ" ಅಂತ ಹೇಳಿ ಪೀಪಿ ಊದಾಕತ್ರು. ಕಡೀಕ ಒಬ್ಬಾಕಿ ಬಂದು, "ಬಾಕ್ಸ್ ಬಿಚ್ಚಿದ ಮೇಲೆ ವಾಪಸ್ ಇಲ್ಲ" ಅಂದು ಕಟ್ ಮಾಡಿದ್ಲು.

"ಬಿಚ್ಚಲಾರದ ಒಳಗೇನೈತಿ ಅಂತ ನನಗೇನು ಕನಸ ಬೀಳತೈತೇನು?" ಅಂತ ಒದರಿದೆ. ಸರಕಾರದ ಗ್ರಾಹಕರ ಸಹಾಯವಾಣಿಗೆ ದೂರು ಕೊಟ್ಟೆ. ಅಷ್ಟಕ್ಕ ಆಯಿಗೆ ಸಮಾಧಾನ ಆಗಲಿಲ್ಲ. "ಬಳಿ ತೊಟ್ಟ ಕೈ ಇವು, ಸುಮ್ಮನ ಬಿಡತಾವೇನು? ಡಬ್ಬಿ ಇಟ್ಟವರೆಲ್ಲಾ ಕಂಪನಿಗೆ ಫೋನ್ ಹಚ್ರಿ, ಪಾಳಿ ಪ್ರಕಾರ!" ಅಂದ್ಲು.

ಹಚ್ಚೇ ಹಚ್ಚಿದ್ರು. ಒಬ್ಬಾಕಿ ಫೋನ್ ಇಟ್ಟ ಕೂಡ್ಲೇ ಇನ್ನೊಬ್ಬಾಕಿ. ಅದ ಬೆಲ್ಟು, ಅದ ಜಗಳ. "ಮನ್ಯಾಗ ಹಿಟ್ಟಿಲ್ಲ, ನನ್ನ ಗಂಡಗ ನೀ ರೊಟ್ಟಿ ಬಡದು ಕಳಸ್ತಿಯೇನು?"

ಸಂಜಿಕ ಕಂಪನಿಯಾಂವನೇ ನನಗ ಫೋನ್ ಮಾಡಿದ. "ಮೇಡಂ, ಸರಿಯಾದ ಬೆಲ್ಟ್ ಕಳಿಸ್ತೀವಿ. ಈ ಹೆಂಗಸರನ್ನ ನಿಲ್ಲಿಸಿ. ಇನ್ನೂ ಎಷ್ಟು ಜನ ಇದ್ದಾರೆ?"

ಹೊಳ್ಳಿ ನೋಡಿದೆ. ಡಬ್ಬಿ ಸಾಲು ಮೆಟ್ಟಲ ಇಳದು ಓಣಿಗೆ ಹೊಂಟಿತ್ತು.

"ಬೆಲ್ಟ್ ಕಳಿಸಿದ ಮೆಸೇಜ್ ಬರಲಿ, ನಿಲ್ಲಸ್ತೇನಿ. ಅಲ್ಲೀತನಾ ದಯವಿಟ್ಟು ಕಾಯ್ರಿ. ನಿಮ್ಮ ಕರೆ ನಮಗ ಭಾಳ ಮುಖ್ಯ" ಅಂದು ಫೋನ್ ಆಯಿ ಕೈಯಾಗ ಕೊಟ್ಟೆ.

ಆಯಿ ಗಂಟಲ ಸರಿ ಮಾಡ್ಕೊಂಡು ಬೀಸೋ ಕಲ್ಲಿನ ಪದ ಹಾಡಾಕ ಚಾಲೂ ಮಾಡಿದ್ಲು. ಎರಡು ನುಡಿ ಮುಗಿಯೂದ್ರಾಗ ಮೆಸೇಜ್ ಬಂದೇ ಬಿಡ್ತು. ಆಯಿ ಮಾತ್ರ ಫೋನ್ ಬಿಡವಲ್ಲಳು.

"ತಡಿ ತಮ್ಮಾ, ಇನ್ನೂ ಅತ್ತಿನ್ನ ಬೈಯೂ ನುಡೀನ ಬಂದಿಲ್ಲ!"