ಅಡುಗೆಮನೆಯ ಪೆಟ್ಟಿಗೆಯೊಳಗಿನ ಮಾವ

ನನ್ನ ಸೋದರತ್ತೆಯವರು ದಿವಂಗತ ಪತಿಯ ಒಪ್ಪಿಗೆ ಪಡೆಯದೆ ಯಾವ ಪಲ್ಯವನ್ನೂ ಮಾಡುತ್ತಿರಲಿಲ್ಲ. ಇದು ಅಲಂಕಾರದ ಮಾತೆಂದು ಭಾವಿಸಬಾರದು. ಮರಾಠಿ ಸೀಮೆಯ ಶಿರೂರಿನ ಅವರ ಅಡುಗೆಮನೆಯಲ್ಲಿ ನಿಂತು, ಹಾಡುಹಗಲಿನಲ್ಲಿ, ನಾನು ಕಿವಿಯಾರೆ ಕೇಳಿದ್ದೇನೆ. ಅತ್ತೆ ಫ್ರಿಜ್ಜಿನ ಬಾಗಿಲು ತೆರೆದು, ಬದನೆಕಾಯಿ ಕೈಗೆತ್ತಿಕೊಂಡು, ಗೋಡೆಯ ಕಡೆ ತಿರುಗಿ, "ಇವತ್ತ ಎಣ್ಣಿಗಾಯಿ ಮಾಡ್ಲೇನ್ರಿ?" ಎನ್ನುವರು. ಆಮೇಲೆ ಗೋಡೆಯ ಮೇಲಿನ ಸ್ಪೀಕರ್ ಪೆಟ್ಟಿಗೆಯಿಂದ, ಯಾರೋ ಬಾಯಿ ಮುಚ್ಚಿಕೊಂಡೇ ಗಂಟಲಿನ ತಳದಿಂದ ಎಳೆದಂತೆ, "ಗುಂ…" ಎಂಬ ಸ್ವರ. "ಆತು," ಎಂದು ಅತ್ತೆ ಬದನೆಕಾಯಿ ಸೀಳಲು ಕುಳಿತುಕೊಳ್ಳುವರು. ಸ್ವರ ಬಾರದ ದಿನ ಬದನೆಕಾಯಿ ಮರಳಿ ಫ್ರಿಜ್ಜಿಗೆ, ಹೆಸರುಕಾಳು ಒಲೆಗೆ.

ಮೊದಲ ಸಲ ಕೇಳಿದಾಗ ನನ್ನ ಮೈ ಜುಮ್ಮೆಂದಿತು. ಏಕೆಂದರೆ ಮಾವನವರು ಬದುಕಿದ್ದಾಗಲೂ ಮಾತನಾಡುತ್ತಿದ್ದುದು ಹೀಗೆಯೇ! ಯಾದಗಿರಿ ಕಡೆಯಿಂದ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಬಂದು, ಕೊನೆಗೆ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಕಾಯಂ ಆದ ಅವರು ಇಡೀ ದಾಂಪತ್ಯವನ್ನು ಆ ಒಂದು ಸ್ವರದಲ್ಲಿ ನಿಭಾಯಿಸಿದವರು. ಹಸಿವಾಯಿತೆ? ಗುಂ. ಊರಿಗೆ ಹೋಗೋಣವೆ? ಗುಂ. ಆಮೇಲೆ ಹೋಗುತ್ತಿರಲಿಲ್ಲ, ಆ ಮಾತು ಬೇರೆ. ಸಾವು ಅವರ ಸಂಭಾಷಣೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯನ್ನೇನೂ ತರಲಿಲ್ಲ ಎಂಬುದು ಅತ್ತೆಯ ಅಭಿಪ್ರಾಯ. ನೆರೆಯ ಮರಾಠಿ ಗೃಹಿಣಿಯೊಬ್ಬರು ಸಕ್ಕರೆ ಕೇಳಲು ಬಂದು, ಆ ಸ್ವರ ಕೇಳಿ, ಬಟ್ಟಲನ್ನು ಅಲ್ಲಿಯೇ ಬಿಟ್ಟು ಹೋದರು. ಬಟ್ಟಲು ಇಂದಿಗೂ ಅತ್ತೆಯ ಮನೆಯಲ್ಲಿಯೇ ಇದೆ.

ನಾನಾದರೋ ನಮ್ಮ ಮನೆತನದ ಮೊದಲ ಪದವೀಧರೆ, ಅದೂ ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ. ದೆವ್ವಕ್ಕೆ ಹೆದರುವ ಹಕ್ಕು ನನಗಿರಲಿಲ್ಲ. ಆದ್ದರಿಂದ ಕಾರಣ ಹುಡುಕಿದೆ.

ಟಿ.ವಿ. ಇದ್ದದ್ದು ಹೊರಗಿನ ಕೋಣೆಯಲ್ಲಿ. ಬೆಳಗಿನ ವಚನಗಾಯನ ಕೇಳಲು ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲ ತನಕ ಬರುತ್ತಿದ್ದರು. ಒಳಗೆ ಹಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತಿತ್ತು. ಮಾವ ಇದನ್ನು ನೋಡಿ, ಯಾರಿಗೂ ಏನೂ ಹೇಳದೆ, ಟಿ.ವಿ.ಯ ಸದ್ದು ಅಡುಗೆಮನೆಗೆ ತಲುಪುವಂತೆ ತೆಳುವಾದ ಒಂದು ಕೇಬಲ್ ಎಳೆದು ಈ ಪೆಟ್ಟಿಗೆಯನ್ನು ತೂಗುಹಾಕಿದರು. ಆದರೆ ಗಾರೆ ಬಳಿದು ಗಿಲಾವು ಮುಗಿದ ಗೋಡೆಗೆ ಉಳಿ ಹಚ್ಚಬಾರದೆಂಬುದು ನಮ್ಮ ಗೌಂಡಿ ಮನೆತನಗಳ ಕಟ್ಟಳೆ. ಹಚ್ಚಿದರೆ ಮನೆ ನರಳುತ್ತದಂತೆ. ಹಾಗಾಗಿ ಹೊಸ ಪೈಪು ಹೂಳದೆ, ಫ್ರಿಜ್ಜಿನ ಕರೆಂಟು ಹರಿಯುವ ಪೈಪಿನೊಳಗೇ ಆ ಕೇಬಲ್ಲನ್ನೂ ತೂರಿಸಿದರು. ಫ್ರಿಜ್ಜು ಚಾಲೂ ಆದಾಗಲೆಲ್ಲ ಕರೆಂಟಿನ ಗುಂಯ್‌ಗುಡುವಿಕೆ ಪಕ್ಕದ ಕೇಬಲ್ಲಿಗೆ ಹತ್ತಿ ಪೆಟ್ಟಿಗೆಯಲ್ಲಿ ಕೇಳುತ್ತಿತ್ತು. ಮನೆ ನರಳಬಾರದೆಂದು ಮಾಡಿದ ಉಪಾಯದಿಂದಲೇ ಮನೆ ನರಳತೊಡಗಿತ್ತು.

ಇದನ್ನೆಲ್ಲ ವಿವರಿಸಿದೆ. ಅತ್ತೆ ಶ್ರದ್ಧೆಯಿಂದ ಕೇಳಿದರು.

"ಅಂದ್ರ ನಿಮ್ಮ ಮಾವ ಫ್ರಿಜ್ಜಿನ್ಯಾಗ ಇದ್ದಾರ ಅಂತಿಯೇನವ್ವಾ? ಪಾಪ, ಅವರಿಗಿ ಥಂಡಿ ಆಗಂಗಿಲ್ಲ."

ನಗಬಹುದಿತ್ತು. ಆದರೆ ಪೆಟ್ಟಿಗೆಯ ಮುಖಕ್ಕೆ ಲೋಹದ ಜಾಲರಿಯಿತ್ತು, ಅದನ್ನು ಒರೆಸುವಾಗ ಬೆರಳು ಚುಮುಗುಟ್ಟುತ್ತದೆಂದು ಅತ್ತೆ ಹೇಳಿದರು. "ಕೈ ಹಿಡೀತಾರ," ಎಂದು ತುಸು ನಾಚಿದರು ಕೂಡ. ನನಗೆ ಸಂಗತಿ ಹೊಳೆಯಿತು. ಒಂದೇ ಪೈಪಿನಲ್ಲಿ ಉಜ್ಜಿ ಉಜ್ಜಿ ವೈರಿನ ಹೊದಿಕೆ ಸವೆದಿತ್ತು. ಈಗ ಬರುತ್ತಿದ್ದುದು ಬರಿಯ ಸದ್ದಲ್ಲ. ವೈರ್‌ಮನ್‌ನನ್ನು ಕರೆಸುತ್ತೇನೆಂದರೆ, "ಗಂಡಾ ಹೆಂಡ್ತಿಗಿ ಬ್ಯಾರೆ ಮಾಡಾಕ ಬಂದಿಯೇನು?" ಎಂದು ಒಳಗೆ ನಡೆದುಬಿಟ್ಟರು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅತ್ತೆ ನೆಲದ ಮೇಲೆ ಕುಳಿತಿದ್ದರು, ಮುಖ ಬಿಳಿಚಿತ್ತು, ಕೈಯಲ್ಲಿ ಹಸಿಬಟ್ಟೆ. ಮೇಲೆ ಪೆಟ್ಟಿಗೆ ತೃಪ್ತಿಯಿಂದೆಂಬಂತೆ ಗುಂಯ್‌ಗುಡುತ್ತಿತ್ತು. ನಾನು ಓಡಿಹೋಗಿ ಮೇನ್ ಸ್ವಿಚ್ ಆರಿಸಿ ಬಂದೆ. ಸ್ವರ ನಿಂತಿತು.

"ಇವತ್ತ ಭಾಳ ಗಟ್ಟಿ ಹಿಡದರು," ಎಂದರು ಅತ್ತೆ.

"ಅತ್ತಿ, ಮುಂದಿನ ಸಲ ಒಯ್ದೇ ಬಿಡ್ತದ ಅದು."

"ಒಯ್ಲಿ ಬಿಡು. ಜೀವಂತ ಇದ್ದಾಗ ಎಲ್ಲಿಗೂ ಕರಕೊಂಡು ಹೋಗಲಿಲ್ಲ."

"ಹಂಗಾದ್ರ ನಾನೂ ಮಾವನ ಕೈ ಹಿಡೀತೀನಿ," ಎಂದು ನಾನು, ಮೇನ್ ಆರಿಸಿದ್ದನ್ನು ಹೇಳದೆ, ಜಾಲರಿಯತ್ತ ಕೈ ಚಾಚಿದೆ. ಏಳಲೂ ಆಗದಂತಿದ್ದ ಅತ್ತೆ ಎದ್ದು ಬಂದು ಲಟ್ಟಣಿಗೆಯಿಂದ ನನ್ನ ಮಣಿಕಟ್ಟಿಗೆ ಹೊಡೆದರು.

"ಮುಟ್ಟಬ್ಯಾಡ! ಕರೆಂಟ್ ಅದ ಅದು!"

ಆ ಪೆಟ್ಟಿಗೆಯ ವಿಷಯದಲ್ಲಿ ಕರೆಂಟ್ ಎಂಬ ಮಾತನ್ನು ಅತ್ತೆ ಆಡಿದ್ದು ಅದೇ ಮೊದಲು. ಲಟ್ಟಣಿಗೆಯನ್ನು ಜಾಗಕ್ಕಿಟ್ಟು, "ಕರಸು ನಿನ್ನ ವೈರ್‌ಮನ್‌ಗ. ಗ್ವಾಡಿ ಒಡೀಬಾರದು, ಅಷ್ಟ," ಎಂದರು.

ಮರುದಿನ ಬಂದ ವೈರ್‌ಮನ್ ಮೇನ್ ಆರಿಸಿ, ಹೊರಗಿನ ಕೋಣೆಯಲ್ಲಿ ಹಳೆಯ ಕೇಬಲ್ಲನ್ನು ಎಳೆಯತೊಡಗಿದ. ಆಗ ಅಡುಗೆಮನೆಯಿಂದ ಕೇಳಿಬಂತು: "ಗುಂ…"

"ತಾಯಿ, ಮೇನ್ ಬಂದ್ ಆಹೆ," ಎಂದು ಅವನು ಮರಾಠಿಯಲ್ಲಿ ಹೇಳುತ್ತ ಬಾಗಿಲ ಬಳಿಯ ತನ್ನ ಚಪ್ಪಲಿಯತ್ತ ನೋಡಿದ. "ಮಗ್ ಹಾ ಆವಾಜ್ ಕುಠೂನ್?"

ಮೇನ್ ಆರಿದ ಮೇಲೂ ಸದ್ದು ಎಲ್ಲಿಂದ ಎಂಬ ಪ್ರಶ್ನೆಗೆ ನನ್ನ ಪದವಿ ಬಾಯಿಬಿಡಲಿಲ್ಲ. ಇಬ್ಬರೂ ಮೆಲ್ಲನೆ ಹೋಗಿ ಇಣುಕಿದೆವು. ಅತ್ತೆ ನಮಗೆ ಬೆನ್ನು ಮಾಡಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಬಾಯಿ ಮುಚ್ಚಿತ್ತು. ಸ್ವರ ಅವರ ಗಂಟಲಿನಿಂದಲೇ ಬರುತ್ತಿತ್ತು, ಬಹುಶಃ ಅವರಿಗೇ ತಿಳಿಯದಂತೆ. ವೈರ್‌ಮನ್ ಚಪ್ಪಲಿ ಹುಡುಕುವ ಯೋಚನೆ ಬಿಟ್ಟು ಕೆಲಸಕ್ಕೆ ಮರಳಿದ.

ಗೋಡೆ ಒಡೆಯಲಿಲ್ಲ. ಕರೆಂಟಿಗೆ ಹಳೆಯ ಪೈಪಿನಲ್ಲಿ ಹೊಸ ವೈರು. ಸದ್ದಿನ ಕೇಬಲ್ಲಿಗೆ ಗೋಡೆಯ ಮೇಲೆಯೇ ಬೇರೆ ಪ್ಲಾಸ್ಟಿಕ್ ಪಟ್ಟಿ, ನಡುವೆ ಮೊಳದಷ್ಟು ಅಂತರ. ಒಂದನ್ನೊಂದು ದಾಟಲೇಬೇಕಾದ ಕಡೆ ನೇರ ಅಡ್ಡಲಾಗಿ ದಾಟಿ ಹೋಗುವಂತೆ ಮಾಡಿದೆವು, ಜೊತೆಜೊತೆಗೆ ಸಾಗಗೊಡಲಿಲ್ಲ. ಜಾಲರಿಗೆ ಅರ್ಥಿಂಗ್, ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್ಚು. ಎಲ್ಲವೂ ಶಾಸ್ತ್ರೋಕ್ತ.

ಸಂಜೆ ಅತ್ತೆ ಫ್ರಿಜ್ಜು ತೆರೆದರು. ಬದನೆಕಾಯಿ ತೆಗೆದುಕೊಂಡು ಗೋಡೆಯ ಕಡೆ ತಿರುಗಿದರು.

"ಎಣ್ಣಿಗಾಯಿ ಮಾಡ್ಲೇನ್ರಿ?"

ಫ್ರಿಜ್ಜು ಚಾಲೂ ಆಯಿತು. ಪೆಟ್ಟಿಗೆ ಮೌನವಾಗಿತ್ತು. ಅತ್ತೆ ಕಾಯ್ದರು. ಬದನೆಕಾಯಿಯನ್ನು ಒಳಗಿಡಲಿಲ್ಲ, ಕುಳಿತುಕೊಳ್ಳಲೂ ಇಲ್ಲ. ಇಷ್ಟು ಸುರಕ್ಷಿತವಾದ, ಇಷ್ಟು ಭಯಾನಕವಾದ ನಿಶ್ಶಬ್ದವನ್ನು ನಾನು ಬೇರೆಲ್ಲೂ ಕೇಳಿಲ್ಲ. ಬಾಗಿಲ ಹಿಂದೆ ನಿಂತಿದ್ದ ನಾನು ತುಟಿ ಬಿಗಿದು ಗಂಟಲಿನಿಂದ ಎಳೆದೆ: "ಗುಂ…"

ಅತ್ತೆ ತಿರುಗಿ ನೋಡಲಿಲ್ಲ.

"ಭಾಳ ಮ್ಯಾಲ ಆತವ್ವಾ," ಎಂದರು. "ಅವರದು ಇನ್ನೂ ಕೆಳಗಿಂದ ಬರ್ತಿತ್ತು."

ನಾನು ಆದಷ್ಟು ಕೆಳಗಿನಿಂದ ಮತ್ತೊಮ್ಮೆ ಎಳೆದೆ.

"ಆತು," ಎಂದು ಅತ್ತೆ ಬದನೆಕಾಯಿ ಸೀಳಲು ಕುಳಿತರು.