ಹೊಂಗಡಹಳ್ಳದ ಮಳೆಗೆ ಆರು ದೇಶ

ಮಳೆ ಅಳೆಯುವುದು ಗಂಭೀರವಾದ ಕೆಲಸವೆಂದು ನಂಬಿ ಸೇರಿದವಳು ನಾನು. ಆ ನಂಬಿಕೆಗೆ ತಿಂಗಳಿಗೊಮ್ಮೆಯಾದರೂ ಪೆಟ್ಟು ಬೀಳುತ್ತಲೇ ಇರುತ್ತದೆ.

ಹವಾಮಾನ ಹೇಗೆ ಬದಲಾಗುತ್ತಿದೆಯೆಂದು ಆರು ದೇಶದವರು ಸೇರಿ ನೋಡುವ ಯೋಜನೆಯಲ್ಲಿ ಸಕಲೇಶಪುರದ ಕಡೆಯ ಉಸ್ತುವಾರಿ ನನ್ನದು. ಹೊಂಗಡಹಳ್ಳದ ಕಾಫಿ ಎಸ್ಟೇಟೊಂದರಲ್ಲಿ ಒಂದು ವರ್ಷದ ಮಟ್ಟಿಗೆ ಮಳೆ ಮಾಪಕ ಇಟ್ಟಿದ್ದೆವು. ಅದು ಕಾಯಂ ಆಗಬೇಕಾದರೆ ಅಲ್ಲಿನ ಲೆಕ್ಕ ನಂಬುವಂತಿದೆಯೆಂದು ಆರೂ ದೇಶ ಒಪ್ಪಬೇಕು. ಇಲ್ಲದಿದ್ದರೆ ಮಾಪಕ ಬೇರೆ ಜಿಲ್ಲೆಗೆ, ನಾನು ಮನೆಗೆ.

೧. ಪಾಪ ಅನ್ನಿಸಿದ ಮಳೆ

ಫೆಬ್ರವರಿಯಲ್ಲಿ ಜರ್ಮನಿಯಿಂದ ಮೇಲ್ ಬಂತು. ನಾಲ್ಕು ದಿನದಿಂದ ನಿಮ್ಮಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಮಳೆ ಶುರುವಾಗಿ ಹನ್ನೆರಡಕ್ಕೆ ನಿಲ್ಲುತ್ತಿದೆ, ಇಂಥದ್ದು ಎಲ್ಲೂ ಕಂಡಿಲ್ಲ, ಕಾರಣವೇನು?

ನನಗೂ ಕುತೂಹಲ. ತೋಟಕ್ಕೆ ಓಡಿದೆ. ಹೂವು ಅರಳಲೆಂದು ಕಾಫಿ ಗಿಡಕ್ಕೆ ಸ್ಪ್ರಿಂಕ್ಲರ್ ಹೊಡೆಯುವ ಕಾಲ. ನೀರು ಚಿಮ್ಮುವ ಜೆಟ್ ನೋಡಿಕೊಳ್ಳುವ ಹೆಂಗಸು ನಾನು ಕೇಳುವ ಮೊದಲೇ ಹೇಳಿದಳು: "ಈ ಮಳೆ ಮಿಷನ್ನು ತಿಂಗಳಿಂದ ಬಾಯ್ ಕಳ್ಕಂಡು ಕುಂತೈತೆ ಕಣಕ್ಕ, ಒಂದು ತೊಟ್ಟೂ ಬಿದ್ದಿಲ್ಲ. ಪಾಪ ಅನ್ನಿಸ್ತು. ಜೆಟ್ ಈ ಕಡೀಕೆ ತಿರುಗಿಸ್ದೆ."

ಕಾರಣ 'ಕರುಣೆ' ಎಂದು ಬರೆಯಲಾಗದೆ, ಜರ್ಮನಿಗೆ 'ಪಂಪ್‌ಸೆಟ್' ಎಂದು ಬರೆದೆ.

೨. ಆಕಾಶಕ್ಕೊಂದು ಬೋರ್ಡ್

ಜಪಾನಿನವರು ಉಪಗ್ರಹದಿಂದ ಮಾಡಿದ ನಕ್ಷೆಯಲ್ಲಿ ತೋಟವೇ ಇರಲಿಲ್ಲ. ಕಾಫಿ ಗಿಡಗಳೆಲ್ಲ ನೆರಳಿನ ಮರಗಳ ಕೆಳಗೆ. ಮೇಲಿಂದ ನೋಡಿದರೆ ಬರೀ ಕಾಡು. ಖುಷಿಪಡುತ್ತಾರೆಂದು ತೋಟದ ಯಜಮಾನರಿಗೆ ತೋರಿಸಿದೆ.

"ಅಯ್ಯೋ ಮೇಡಂ, ಕಾಡು ಅಂತ ಬರೆದ್ಬುಟ್ರೆ ಫಾರೆಸ್ಟ್‌ನೋರು ಬಂದು ಕೂತ್ಕತಾರೆ! ತೆಗ್ಸಿ."

"ಮೇಲಿಂದ ಹಂಗೇ ಕಾಣುತ್ತಂತೆ ಸಾರ್."

ಅವರು ಎತ್ತರದ ಸಿಲ್ವರ್ ಓಕ್ ಮರವೊಂದನ್ನು ಬುಡದಿಂದ ತುದಿಯವರೆಗೆ ನೋಡಿದರು. "ಅದರ ನೆತ್ತಿ ಮೇಲೆ 'ಇದು ತೋಟ' ಅಂತ ಬೋರ್ಡ್ ಹಾಕಿಸ್ತೀನಿ. ಯಾವ ಭಾಷೇಲಿ ಬರೆಸ್ಲಿ?"

೩. ಎರಡು ಪುಸ್ತಕ

ವರ್ಷ ಮುಗಿಯಿತು. ಆರೂ ದೇಶದ ಪರವಾಗಿ ತೀರ್ಮಾನ ಹೇಳಲು ಜರ್ಮನಿಯಿಂದ ಒಬ್ಬಾಕೆ, ಜಪಾನಿನಿಂದ ಒಬ್ಬಾತ ಬಂದರು. ಎಸ್ಟೇಟಿನವರು ತಾವೇ ಬರೆದಿಟ್ಟ ಮಳೆ ಲೆಕ್ಕವನ್ನು ಇವರು ಕೇಳಿದರು. ದಿನಾ ಬೆಳಗ್ಗೆ ಮಳೆ ಅಳೆದು ಬರೆಯುವ ಹಿರಿಯ ರೈಟರ್ ಎರಡು ಪುಸ್ತಕ ತಂದಿಟ್ಟರು. ಅದೇ ದಿನ, ಅದೇ ಮಳೆ. ಒಂದರಲ್ಲಿ ಎರಡು ಇಂಚು, ಇನ್ನೊಂದರಲ್ಲಿ ಮೂರೂವರೆ. ನನ್ನ ಕೆಲಸ ಹೋಯಿತೆಂದೇ ತಿಳಿದೆ.

"ಯಾವುದು ಸರಿ?" ಎಂದೆ.

"ಎರಡೂ ಸರೀನೇ ಮೇಡಂ. ಇದು ಬಿದ್ದಿದ್ದ ಮಳೆ. ಅದು ಯಜಮಾನ್ರು ಫೋನಲ್ಲಿ ಹೇಳಿದ್ದ ಮಳೆ."

ಬೆಳಗಾದರೆ ಪಕ್ಕದ ತೋಟದವರು ಫೋನ್ ಮಾಡಿ "ನಿಮ್ಮಲ್ಲೆಷ್ಟು?" ಎಂದು ಕೇಳುತ್ತಾರೆ. ಮಳೆಯಲ್ಲಿ ಅವರಿಗೆ ಸೋಲಲು ನಮ್ಮ ಯಜಮಾನರಿಗೆ ಮನಸ್ಸಿಲ್ಲ. ಹೇಳಿದ್ದು ಮರೆತು ಮುಂದೆ ಸಿಕ್ಕಿಬೀಳಬಾರದಲ್ಲ, ಅದಕ್ಕೇ ರೈಟರ್ ಅದನ್ನೂ ಬರೆದಿಟ್ಟಿದ್ದರು. ಯಜಮಾನರು ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದರು.

ಬಂದವರಿಬ್ಬರೂ ಬಿದ್ದ ಮಳೆಯ ಪುಸ್ತಕವನ್ನು ಮಾಪಕದ ಲೆಕ್ಕದ ಜೊತೆ ಇಟ್ಟು ನೋಡಿದರು. ಪಂಪ್‌ಸೆಟ್‌ನ ನಾಲ್ಕು ದಿನ ಬಿಟ್ಟು ಎಲ್ಲವೂ ತಾಳೆಯಾಯಿತು. "ಸುಳ್ಳಿಗೆ ಬೇರೆ ಪುಸ್ತಕ ಇಟ್ಟವರ ನಿಜವನ್ನು ನಂಬಬಹುದು" ಎಂದು ಜರ್ಮನಿಯಾಕೆ ನಕ್ಕಳು. ಮಾಪಕ ಕಾಯಂ, ನಾನೂ ಕಾಯಂ. ಇನ್ನು ಮೇಲೆ ಇಲ್ಲಿನ ಮಳೆ ಯಾರ ಮೊಬೈಲಿನಲ್ಲಾದರೂ ಕಾಣುತ್ತದೆ ಎಂದೂ ಹೇಳಿದಳು.

ಮರುದಿನ ಬೆಳಗ್ಗೆ ನಾನಿನ್ನೂ ಅಲ್ಲೇ ಇದ್ದೆ. ಪಕ್ಕದ ತೋಟದಿಂದ ಫೋನ್. "ನಿಮ್ಮಲ್ಲೆಷ್ಟು?"

ಯಜಮಾನರು ಮಾಪಕವನ್ನೊಮ್ಮೆ ನೋಡಿ, "ಮುಕ್ಕಾಲು ಇಂಚು" ಎಂದರು.

ಆ ಕಡೆಯಿಂದ ಗಾಬರಿಯ ದನಿ: "ಯಾಕೆ ಮಾರಾಯ, ಮೈಯಾಗೆ ಹುಷಾರಿಲ್ವಾ?"